ಗೆರಟೆಯ ಎತ್ತರ

"ಕಾರು ಹಿಂದೆ ತೆಗೀರಿ ಮೇಡಂ, ಹೆಣ ಹೋಗುವ ದಾರಿ ಇದು!" ಜೋಕಿಮ್ ತನ್ನ ಟೆಂಪೋದಿಂದಲೇ ಕೂಗಿದ.

ವಿಭಾ ಹಿಂದೆ ತೆಗೆದಳು, ಕಾರಿನ ಹಿಂಭಾಗವನ್ನು ಗೋಡೆಗೆ ಉಜ್ಜಿದಳು, ಮತ್ತೆ ಮುಂದೆ ತಂದಳು. ಕಾಪುವಿನ ಕಡಲ ಬದಿಯ ಆ ಓಣಿಯಲ್ಲಿ ಸೈಕಲ್ ತಿರುಗುವುದೇ ಕಷ್ಟ. ಮಣಿಪಾಲದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕೊನೆಗೆ ಜೋಕಿಮನೇ ಇಳಿದು ಬಂದು ಸ್ಟಿಯರಿಂಗ್ ಹಿಡಿದ. ಅವನ ಟೆಂಪೋದಲ್ಲಿ ಚಿತೆಯ ಕಟ್ಟಿಗೆಯ ಜೊತೆ ಎರಡು ಗೋಣಿ ತೆಂಗಿನ ಗೆರಟೆಯೂ ಏರಿತ್ತು. ಕಾಯಿ ತುರಿದುಳಿದ ಈ ಒಣ ಚಿಪ್ಪು ಹಾಕಿದರೆ ಬೆಂಕಿ ಬೇಗ ಹಿಡಿಯುತ್ತದೆ.

ಅಂಗಳದಲ್ಲಿ ವಿಠಲ ಮಲಗಿದ್ದ. ಹನ್ನೊಂದು ವರ್ಷ ವಿಭಾಳ ಮಣಿಪಾಲದ ಕಚೇರಿಗಾಗಿ ಕಡಲತೀರದಲ್ಲಿ ಅಳತೆಯ ಕಂಬ ಹಿಡಿದವನು. ತಿಂಗಳಿಗೊಮ್ಮೆ ನಲುವತ್ತು ಕಡೆ ಕಂಬ ನಿಲ್ಲಿಸಬೇಕು. ಅದರ ತಲೆಯ ಮೇಲಿನ ಯಂತ್ರ ಆ ಜಾಗದ ಮರಳು ಎಷ್ಟು ಎತ್ತರ ಎಂದು ಬರೆದುಕೊಳ್ಳುತ್ತದೆ. ವಿಠಲ ಮಹಾ ಹಟಮಾರಿ. ಯಾರ ಮಾತನ್ನೂ ಕೇಳಿದವನಲ್ಲ, ತಾನಾಗಿ ಒಂದು ಮಾತು ಹೇಳಿದವನೂ ಅಲ್ಲ. ಎದೆನೋವು ಬಂದದ್ದನ್ನೂ ಹೆಂಡತಿಗೆ ಹೇಳಲಿಲ್ಲ. ಚಾ ಕುಡಿದ ಲೋಟ ತೊಳೆದಿಟ್ಟು, ಹೋಗಿ ಮಲಗಿ, ಸತ್ತ.

ವಿಭಾ ತಂದ ಶಂಕರಪುರದ ಮಲ್ಲಿಗೆಯನ್ನು ಅವನ ಹೆಂಡತಿ ಪುಷ್ಪಾವತಿ ಕೈಯಲ್ಲಿ ಮುಟ್ಟಲಿಲ್ಲ.

"ಹೂ ಅಲ್ಲಿಡಿ. ನನಗೆ ಈ ಕಾಗದ ಸರಿ ಮಾಡಿ ಕೊಡಿ."

ಮಡಚಿ ಮಡಚಿ ಹರಿದುಹೋಗಿದ್ದ ಕಾಗದ. "ಕಂಬ ಹಿಡಿದವರ ಅಲಕ್ಷ್ಯದಿಂದ ಮರಳ ದಿಬ್ಬದ ಮೇಲಿನ ಎಲ್ಲ ಅಳತೆಗಳೂ ತಪ್ಪಾಗಿವೆ. ಇನ್ನು ಮುಂದೆ ಅವರ ಕೆಲಸದ ಅಗತ್ಯವಿಲ್ಲ." ಕೆಳಗೆ ವಿಭಾಳದ್ದೇ ಸಹಿ.

"ಮೂರು ತಿಂಗಳು ಇದನ್ನು ಕಿಸೆಯಲ್ಲಿಟ್ಟು ತಿರುಗಿದರು. ಕಳ್ಳ ಅಳತೆಯವ ಅಂತ ಊರಿಡೀ ಹೆಸರಾಯ್ತು. ಆ ಹೆಸರಲ್ಲಿ ನಾನು ಇವರನ್ನು ಸುಡ್ಲಿಕ್ಕೆ ಬಿಡುವುದಿಲ್ಲ."

"ಪುಷ್ಪಕ್ಕ, ಅದನ್ನು ಈಗ..."

"ಈಗಲ್ಲದೆ ಮತ್ತೆ ಯಾವಾಗ? ಸುಟ್ಟು ಮುಗಿದ ಮೇಲೆ ಬೊಜ್ಜದ ಊಟಕ್ಕಾ?"

ಕಾರ್ಕಳದಿಂದ ಬಂದಿದ್ದ ವಿಠಲನ ಅಣ್ಣ ದೂಮಣ್ಣ ಗಡಿಯಾರ ನೋಡಿದ. "ಹೊತ್ತಾಯ್ತು ಮಾರಾಯ್ರೆ, ಎತ್ತುವ."

"ಯಾರೂ ಎತ್ತುವುದು ಬೇಡ," ಎಂದು ಪುಷ್ಪಾವತಿ ಹೆಣದ ಪಕ್ಕ ಕೂತಳು.

*

ಕಳೆದ ಬೇಸಗೆಯಲ್ಲಿ ವಿಮಾನವೊಂದು ತೀರದ ಮೇಲೆ ಹಾರಿ, ಲೇಸರ್ ಬೆಳಕು ಬಿಟ್ಟು ಮರಳಿನ ಏರುತಗ್ಗನ್ನೆಲ್ಲ ಅಳೆದು ಹೋಗಿತ್ತು. ನೀರಿನ ಅಂಚಿನ ಹಸಿ ಮರಳಿನಲ್ಲಿ ಆ ಅಳತೆಯೂ ವಿಠಲನ ಅಳತೆಯೂ ಒಂದೇ. ದಿಬ್ಬದ ಒಣ ಮರಳಿನಲ್ಲಿ ಮಾತ್ರ ವಿಠಲನದ್ದು ಎಲ್ಲ ಕಡೆಯೂ ನಾಲ್ಕು ಸೆಂಟಿಮೀಟರು ಹೆಚ್ಚು. ಮೂರು ತಿಂಗಳ ಹಿಂದೆ ಆ ಲೆಕ್ಕ ಕೈಗೆ ಬಂದಾಗ ವಿಭಾ ಅವನನ್ನು ಕಚೇರಿಗೆ ಕರೆಸಿದಳು.

"ಒಂದು ಸಲ ದಿಬ್ಬಕ್ಕೆ ಬನ್ನಿ ಮೇಡಂ. ಅದು ಮರಳಿನ ಮೇಲೆ ತೋರಿಸುವಂಥದ್ದು, ಮೇಜಿನ ಮೇಲೆ ಅಲ್ಲ."

"ನನಗೆ ಪುರುಸೊತ್ತು ಎಲ್ಲಿ ಉಂಟು ವಿಠಲಣ್ಣ? ಲೇಸರ್ ಸುಳ್ಳು ಹೇಳ್ತದಾ?"

"ಇಲ್ಲ. ನಾನೂ ಹೇಳುವುದಿಲ್ಲ."

"ಹಾಗಾದ್ರೆ ಈ ನಾಲ್ಕು ಸೆಂಟಿಮೀಟರು ಎಲ್ಲಿಂದ ಬಂತು?"

"ಅದಕ್ಕೇ ಬನ್ನಿ ಅಂದದ್ದು."

ಅವನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇವಳು ಅರ್ಧ ಗಂಟೆಯ ದಾರಿ ಬಂದಿದ್ದರೂ ಮುಗಿಯುತ್ತಿತ್ತು. ಅವನಿಗೆ ಹಟ, ಇವಳಿಗೆ ಅವಸರ. ಆ ಸಂಜೆಯೇ ಕಾಗದ ಹೋಯಿತು.

*

"ಸುಳ್ಳು ಬರೆದು ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಪುಷ್ಪಕ್ಕ. ಅಳತೆ ತಪ್ಪಿತ್ತು," ಎಂದಳು ವಿಭಾ. ಅವಳ ಕಣ್ಣು ತುಂಬಿತ್ತು, ಆದರೂ ಹೇಳಿದಳು.

"ತಪ್ಪ ಹೆಂಗ ಆಗತೈತ್ರಿ?" ಅಂಗಳದ ಮೂಲೆಯಿಂದ ಮಾನಪ್ಪ ಎದ್ದುನಿಂತ. ಬಾದಾಮಿ ಕಡೆಯವನು, ವಿಠಲನ ಹಿಂದೆ ಬ್ಯಾಟರಿ ಪೆಟ್ಟಿಗೆ ಹೊತ್ತು ನಡೆಯುತ್ತಿದ್ದವನು. "ಒಣ ಉಸುಕಿನ್ಯಾಗ ಕಂಬ ಇಳೀತೈತಂತ ಅಣ್ಣಾರು ತೆಂಗಿನ ಪರಟಿ ಬೋರಲ ಹಾಕಿ, ಅದರ ಕಣ್ಣಾಗ ಕಂಬದ ಮೊನಿ ಇಡ್ತಿದ್ರು. ಹನ್ನೊಂದು ವರ್ಷ ಒಂದ ಪರಟಿ. ಬ್ಯಾರೇದು ಕೊಟ್ರ ನನಗ ಬೈತಿದ್ರು."

"ಹಸಿ ಮರಳಿನಲ್ಲಿ?"

"ಅಲ್ಲೆ ಯಾಕ್ರೀ ಬೇಕು? ಗಟ್ಟಿ ಇರತೈತಲ್ಲ."

ವಿಭಾ ಹಣೆ ಹಿಡಿದುಕೊಂಡಳು. ಕಂಬ ಗೆರಟೆಯ ಮೇಲೆ ನಿಂತಿದ್ದರೆ ದಿಬ್ಬದ ಅಳತೆಯೆಲ್ಲ ಗೆರಟೆಯಷ್ಟು ಹೆಚ್ಚು ಬರಲೇಬೇಕು. "ಆ ಗೆರಟೆ ಎಲ್ಲುಂಟು? ಅದನ್ನು ಅಳೆಯದೆ ಏನೂ ಹೇಳ್ಲಿಕ್ಕಾಗುವುದಿಲ್ಲ."

"ಹಿಂದಿನ ಜಗಲಿಯಲ್ಲಿ ಒಂದನ್ನು ಇಡ್ತಿದ್ದರು. ಎಂತಕ್ಕೆ ಅಂತ ನನಗೆ ಗೊತ್ತಿರಲಿಲ್ಲ," ಎಂದಳು ಪುಷ್ಪಾವತಿ.

ದೂಮಣ್ಣನ ಮುಖ ಇಳಿಯಿತು. "ಜಗಲಿಯ ಗೆರಟೆ ಎಲ್ಲ ನಾನೇ ಗೋಣಿಗೆ ತುಂಬಿಸಿದೆ. ಗೆರಟೆಯಲ್ಲಿ ಎಂತ, ಬೇರೆ ಬೇರೆ ಜಾತಿ ಉಂಟಾ?"

ಪುಷ್ಪಾವತಿ ಎದ್ದು ಟೆಂಪೋಗೆ ಹೋದಳು. ಜೋಕಿಮ್ "ಅಕ್ಕಾ, ನಾನು ಇಳಿಸ್ತೇನೆ" ಎನ್ನುವಷ್ಟರಲ್ಲಿ ಎರಡೂ ಗೋಣಿಯನ್ನು ಎಳೆದು, ಅಂಗಳದಲ್ಲಿ ಬೋರಲು ಸುರಿದಳು. ಗೆರಟೆಗಳು ಉರುಳಿ ಹೆಣದ ಕಾಲ ಬಳಿಯವರೆಗೂ ಹೋದವು.

"ಅಯ್ಯೋ ದೇವರೇ, ಇದೆಂತ ಅವಸ್ಥೆ!" ಎಂದ ದೂಮಣ್ಣ. ಬೈಯುತ್ತಲೇ ಪಂಚೆ ಎತ್ತಿ ಕಟ್ಟಿ, ತಾನೂ ಕುಕ್ಕರಗಾಲಿನಲ್ಲಿ ಕೂತ. ಉರಿಬಿಸಿಲಿನಲ್ಲಿ ಹತ್ತು ಹನ್ನೆರಡು ಜನ ಒಂದೊಂದೇ ಗೆರಟೆ ಎತ್ತಿ, ತಿರುಗಿಸಿ ನೋಡಿ, ಬದಿಗೆ ಎಸೆದರು. ಸಿಕ್ಕಿದ್ದು ಪುಷ್ಪಾವತಿಗೇ. ಮರಳಿಗೆ ಸವೆದು ಅಂಚೆಲ್ಲ ನುಣುಪಾಗಿತ್ತು. ಮೂರು ಕಣ್ಣುಗಳಲ್ಲಿ ಒಂದು, ಕಂಬ ಕೂತು ಕೂತು ಕುಳಿಬಿದ್ದಿತ್ತು.

ವಿಭಾ ಚೀಲದಿಂದ ಸ್ಕೇಲು ತೆಗೆದಳು. ಎರಡು ಸಲ ಅಳೆದಳು. ಮಾನಪ್ಪನ ಕೈಗೆ ಕೊಟ್ಟು ಮೂರನೆಯ ಸಲ ಅಳೆಯಿಸಿದಳು.

"ನಾಕ ಐತ್ರಿ. ಸರೀ ನಾಕು."

"ನಾಲ್ಕೇ," ಎಂದಳು ವಿಭಾ. "ಇಷ್ಟು ಕಳೆದರೆ ಲೇಸರಿಗೂ ವಿಠಲಣ್ಣನಿಗೂ ವ್ಯತ್ಯಾಸವೇ ಇಲ್ಲ. ಹನ್ನೊಂದು ವರ್ಷದ್ದೂ ಸರಿ."

ಪುಷ್ಪಾವತಿ ಗಂಡನ ಕಡೆ ತಿರುಗಿದಳು. "ಇಷ್ಟು ಹೇಳ್ಲಿಕ್ಕೆ ನಿಮಗೆ ಬಾಯಿ ಇರಲಿಲ್ಲವಾ? ಒಂದು ಗೆರಟೆ ಉಂಟು ಅಂತ ಹೇಳ್ಲಿಕ್ಕೆ? ನನಗಾದ್ರೂ ಹೇಳಬಾರದಿತ್ತಾ?" ನೆಲಕ್ಕೆ ಕೈ ಬಡಿದು ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ.

ಅದೇ ಕಾಗದದ ಹಿಂಬದಿಯಲ್ಲಿ ವಿಭಾ ಬರೆದಳು; ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. "ಕಂಬ ಹಿಡಿದ ವಿಠಲ ಅವರ ಅಳತೆಗಳು ಸರಿಯಾಗಿವೆ. ವಿಚಾರಿಸದೆ ಬರೆದದ್ದು ನನ್ನ ತಪ್ಪು." ಸಹಿ ಹಾಕಿ, ದಿನಾಂಕ ಬರೆದು ಕೊಟ್ಟಳು. ಕಚೇರಿಯ ದಾಖಲೆಯಲ್ಲೂ ನಾಳೆಯೇ ಬದಲಿಸುತ್ತೇನೆ ಎಂದಳು. ಪುಷ್ಪಾವತಿ ಅದನ್ನು ತಾನೇ ಇನ್ನೊಮ್ಮೆ ಓದಿ, ಸೆರಗಿನ ತುದಿಗೆ ಕಟ್ಟಿಕೊಂಡಳು.

"ಈಗ ಎತ್ತಿ," ಎಂದಳು.

"ಎತ್ತುವುದು ಹೇಗೆ? ಕಾಲಿಡ್ಲಿಕ್ಕೆ ಜಾಗ ಬೇಡವಾ?" ಎಂದು ದೂಮಣ್ಣ ಗೊಣಗಿದ.

ವಿಭಾ ಚಪ್ಪಲಿ ಕಳಚಿ, ಹೆಣದ ಕಾಲ ಬಳಿ ಮಂಡಿಯೂರಿ ಗೆರಟೆ ಹೆಕ್ಕತೊಡಗಿದಳು. ವಿಠಲನ ಆ ಒಂದು ಗೆರಟೆಯನ್ನು ಮಾತ್ರ ಗೋಣಿಗೆ ಹಾಕದೆ ಎಡಗೈಯಲ್ಲಿ ಹಿಡಿದೇ ಇದ್ದಳು. ಬಲಗೈ ಒಂದರಲ್ಲೇ ತುಂಬಿಸಲು ಹೋದರೆ ಗೋಣಿ ಮತ್ತೆ ಮತ್ತೆ ಮುದುಡಿ ಬೀಳುತ್ತಿತ್ತು. ಪುಷ್ಪಾವತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಎದುರು ಕೂತು, ಗೋಣಿಯ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.