ಅರವತ್ತನಾಲ್ಕನೆಯ ಇಲಿಯ ತೂಕ

ಪದವಿಯ ಕೊನೆಯ ವರ್ಷದ ಸಂಶೋಧನೆಗೆ ವಿಷಯ ಹಂಚಿದ ದಿನ ಅವಳಿಗೆ ಜ್ವರ. ಒಳ್ಳೆಯ ವಿಷಯಗಳೆಲ್ಲ ಬೇರೆಯವರ ಪಾಲಾಗಿ ಅವಳಿಗೆ ಉಳಿದದ್ದು ಗೂಬೆಯ ವಾಂತಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಮೂಳೆಗಳನ್ನು ಹೆಬ್ಬೆರಳು ಗಾತ್ರದ ಉಂಡೆ ಮಾಡಿ ಕಕ್ಕುತ್ತದೆ. ಜೀವಶಾಸ್ತ್ರ ವಿಭಾಗದ ಹಿಂದಿನ ಹಳೆಯ ನೀರಿನ ಟ್ಯಾಂಕಿನಲ್ಲಿ ಒಂದು ಒಂಟಿ ಗೂಬೆ ಬಿಡಾರ ಹೂಡಿತ್ತು. ದಿನಾ ಬೆಳಿಗ್ಗೆ ಅದರ ಕೆಳಗೆ ಬಿದ್ದ ಉಂಡೆಗಳನ್ನು ಆರಿಸಿ, ತಾರೀಕು ಬರೆದ ಪೊಟ್ಟಣಕ್ಕೆ ಹಾಕಿ, ಪುರಸೊತ್ತಾದಾಗ ಬಿಸಿನೀರಿನಲ್ಲಿ ನೆನೆಸಿ, ಚಿಮಟದಿಂದ ಬಿಡಿಸಿ, ಗೂಬೆ ಏನೇನು ತಿಂದಿತೆಂದು ದವಡೆ ನೋಡಿ ಹೇಳಬೇಕು.

ಅವಳ ಅಮ್ಮ ಟೈಲರ್. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಮಗಳು ತಲೆಬುರುಡೆ ಜೋಡಿಸುವುದನ್ನು ಒಂದು ವಾರ ಸಹಿಸಿಕೊಂಡಳು.

“ಮಗಳು ಏನು ಓದ್ತಿದಾಳೆ ಅಂತ ಪಕ್ಕದ ಮನೆಯವರು ಕೇಳಿದ್ರೆ ಏನಂತ ಹೇಳ್ಲಿ?”

“ಆಹಾರ ಸರಪಳಿ ಅನ್ನು.”

“ಗೂಬೆ ಕಕ್ಕಿದ್ದನ್ನ ಕೆದಕ್ತಾಳೆ ಅಂತಲೇ ಹೇಳಿಬಿಡ್ತೀನಿ. ನಂಗೆ ಸುಳ್ಳು ಬರಲ್ಲ. ಬಟ್ಟೆ ನಾಳೆ ಕೊಡ್ತೀನಿ ಅನ್ನೋದೊಂದು ಬಿಟ್ಟು.”

ಮೂವತ್ತೊಂದನೆಯ ಉಂಡೆ ಬೆಳ್ಳಗಿತ್ತು. ಬಿಡಿಸಿದಾಗ ಬಿಳಿ ಕೂದಲಿನ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ತಗಡಿನ ಚೂರು ಸಿಕ್ಕಿತು. ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೇಲೆ ಅರವತ್ತನಾಲ್ಕು ಎಂಬ ಸಂಖ್ಯೆ. ಪ್ರಯೋಗದ ಇಲಿಗಳಿಗೆ ಚುಚ್ಚುವ ಕಿವಿಯೋಲೆ ಅದು.

ಅಂಥ ಇಲಿಗಳಿದ್ದದ್ದು ವಿಭಾಗದ ಮುಖ್ಯಸ್ಥರ ಬಳಿ ಮಾತ್ರ. ಬೊಜ್ಜು ಕರಗಿಸುತ್ತದೆಂದು ಯಾವುದೋ ಬೇರಿನ ರಸವನ್ನು ಅವರು ಎಂಬತ್ತು ಇಲಿಗಳಿಗೆ ಕುಡಿಸುತ್ತಿದ್ದರು. ಸ್ವಂತ ಹೊಟ್ಟೆಯ ಮೇಲೆ ಅದನ್ನು ಪ್ರಯೋಗಿಸಿದಂತೆ ಕಾಣುತ್ತಿರಲಿಲ್ಲ. ಪ್ರತಿ ಸೋಮವಾರದ ತೂಕ ಕಾರಿಡಾರಿನ ಫಲಕದಲ್ಲಿ ಬರುತ್ತಿತ್ತು. ಅವಳು ಹೋಗಿ ನೋಡಿದಳು. ಪೊಟ್ಟಣದ ತಾರೀಕಿನ ಪ್ರಕಾರ ಅರವತ್ತನಾಲ್ಕನೆಯ ಇಲಿ ಗೂಬೆಯ ಹೊಟ್ಟೆ ಸೇರಿ ಮೂರು ವಾರ. ಫಲಕದಲ್ಲಿ ಮಾತ್ರ ಅದು ವಾರಕ್ಕೊಂದು ಗ್ರಾಂ ಇಳಿಯುತ್ತ ಉಳಿದ ಇಲಿಗಳಿಗೆಲ್ಲ ಮಾದರಿಯಾಗಿತ್ತು.

ಇಲಿಕೋಣೆ ನೋಡಿಕೊಳ್ಳುವ ಹಿರಿಯ ಅಟೆಂಡರನ್ನು ಎಲ್ಲರೂ ಇಲಿಮಾವ ಎನ್ನುತ್ತಿದ್ದರು. ಅವಳು ಅಂಗೈಯಲ್ಲಿಟ್ಟು ತೋರಿಸಿದ ಓಲೆಯನ್ನು ಅವರು ಕನ್ನಡಕ ಏರಿಸಿ ನೋಡಿ, ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಪಂಜರದ ಕೊಂಡಿ ಮುರಿದಿತ್ತಮ್ಮ. ನಾಲ್ಕು ಓಡಿಹೋದ್ವು. ಅವತ್ತೇ ಸಾಹೇಬ್ರಿಗೆ ಹೇಳ್ದೆ. ಎಲ್ಲಿಗೆ ಹೋಗ್ತವೆ, ಬರ್ತವೆ ಬಿಡು, ಬರೋ ತನಕ ತೂಕ ಬರೀತಾ ಇರು ಅಂದ್ರು.”

“ಇಲ್ಲದ ಇಲಿನ ಹೇಗೆ ತೂಗಿದ್ರಿ ಮಾವ?”

“ತೂಗೋದೇನು ಬಂತು. ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದೆ. ಅವರಿಗೆ ಬೇಕಾಗಿದ್ದೂ ಅದೇ ತಾನೆ.” ಆಮೇಲೆ ದನಿ ತಗ್ಗಿಸಿದರು. “ನನ್ನ ನೋಟ್‌ಬುಕ್ಕಲ್ಲಿ ಓಡಿಹೋದ್ವು ಅಂತಲೇ ಬರೆದಿದೀನಿ.”

ಅವಳ ಮಾರ್ಗದರ್ಶಕಿ ಕಥೆ ಕೇಳಿ ಬಾಗಿಲು ಹಾಕಿಕೊಂಡರು. “ನೋಡು, ನಿನ್ನ ವಿಷಯ ಗೂಬೆ. ಗೂಬೆ ಸಮಾಚಾರ ಅಷ್ಟೇ ನೋಡ್ಕೊ.”

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಇಲಿಮಾವನ ಕೆಲಸಕ್ಕೆ ಕುತ್ತು ಬಂದರೆ? ಅವರನ್ನೇ ಕೇಳಿದಳು. “ಹೇಳಮ್ಮ. ನಾನು ಇಲಿಗೆ ಕಾಳು ಹಾಕೋಕೆ ಬಂದೋನು, ಕತೆ ಕಟ್ಟೋಕಲ್ಲ” ಎಂದರು.

ಪ್ರಬಂಧ ಮಂಡನೆಯ ದಿನ ಮುಂದಿನ ಸಾಲಿನಲ್ಲಿ ಮುಖ್ಯಸ್ಥರು, ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ. ಅವಳು ಗೂಬೆಯ ಸಮಾಚಾರವಷ್ಟನ್ನೇ ಹೇಳಿದಳು. ಹೊಲದ ಇಲಿ ಐವತ್ತೆರಡು. ಸುಂಡಿಲಿ ಹದಿನೇಳು. ಬಾವಲಿ ಒಂದು.

“ಬಿಳಿ ಇಲಿ ಎರಡು, ಕಿವಿಯೋಲೆ ಸಮೇತ. ಸಂಖ್ಯೆ ಅರವತ್ತನಾಲ್ಕು, ಎಪ್ಪತ್ತೊಂದು.”

ಮುಖ್ಯಸ್ಥರು ಎದ್ದು ನಿಂತರು. “ನನ್ನ ಮೇಲೆ ಗೂಬೆ ಕೂರಿಸ್ತಿದೀಯಾ?”

“ಇಲ್ಲ ಸರ್. ಗೂಬೆ ಟ್ಯಾಂಕಿನ ಮೇಲೇ ಕೂತಿದೆ.”

ಹಿಂದಿನ ಸಾಲಿನವರಿಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಪರೀಕ್ಷಕಿ ಮಾತ್ರ ನಗಲಿಲ್ಲ. “ಬರುವಾಗ ಫಲಕ ನೋಡಿದೆ. ಎಪ್ಪತ್ತೊಂದಕ್ಕೆ ಈ ವಾರ ಮೂವತ್ತು ಗ್ರಾಂ ಅಂತಿತ್ತು. ಆ ಇಲಿನ ಒಂದ್ಸಲ ನೋಡೋಣ, ನಡೀರಿ.”

ಇಲಿಕೋಣೆಯಲ್ಲಿ ಎಣಿಸಿದರೆ ಎಪ್ಪತ್ತಾರು. ಯಾರೂ ಕೇಳುವ ಮೊದಲೇ ಇಲಿಮಾವ ನೋಟ್‌ಬುಕ್ ತಂದು ಪರೀಕ್ಷಕಿಯ ಕೈಗಿಟ್ಟರು.

ಪ್ರಯೋಗ ನಿಂತಿತು. ವಿಚಾರಣೆ ಶುರುವಾದಂತೆ ಮುಖ್ಯಸ್ಥರಿಗೆ ಬೆನ್ನುನೋವೂ ಶುರುವಾಗಿ ದೀರ್ಘ ರಜೆ ಹಾಕಿದರು. ಇಲಿಮಾವನಿಗೆ ಎಚ್ಚರಿಕೆಯ ಪತ್ರ ಬಂತು. ಕೊಟ್ಟದ್ದು ಸರಿಯೇ ಎಂದು ಸಹಿ ಹಾಕಿ, ಹೊಸ ಕೊಂಡಿ ಯಾವಾಗ ಬರುತ್ತದೆಂದು ಕೇಳಿದರು.

ಹೀರೋಯಿನ್ನಿನಂತೆ ಓಡಾಡುತ್ತಿದ್ದ ಅವಳಿಗೆ ಅಂಕ ಮಾತ್ರ ಸಾಧಾರಣ. ‘ಒಂದೇ ಗೂಬೆಯ ಹೊಟ್ಟೆ ನೋಡಿ ಇಡೀ ಗೂಬೆಕುಲದ ಬಗ್ಗೆ ತೀರ್ಮಾನ ಬರೆಯಬಾರದು’ ಎಂದು ಪರೀಕ್ಷಕಿ ಬರೆದಿದ್ದರು. ಮಾತು ಸರಿಯಾಗಿದ್ದುದರಿಂದಲೇ ಅದು ಹೆಚ್ಚು ಚುಚ್ಚಿತು.

ಮುಂದಿನ ಭಾನುವಾರ ಅವಳು ಎರಡನೆಯ ಗೂಬೆ ಹುಡುಕಿಕೊಂಡು ರೈಲ್ವೆ ಸ್ಟೇಷನ್ನಿನ ಹಿಂದಿನ ಧಾನ್ಯದ ಗೋದಾಮಿಗೆ ಹೋದಳು. ಇಲಿಮಾವ ಏಣಿ ಹೊತ್ತು ಜೊತೆಗೆ ಬಂದರು. ಗೂಬೆ ಉಂಡೆ ಇದೆಯಾ ಎಂದದ್ದಕ್ಕೆ ಕಾವಲುಗಾರ ಮೂಲೆ ತೋರಿಸಿದ. ಒಂದು ವರ್ಷದ ಉಂಡೆಗಳು ಮೊಣಕಾಲೆತ್ತರ ರಾಶಿ ಬಿದ್ದಿದ್ದವು. ಅವಳು ಅಲ್ಲೇ ನೆಲದ ಮೇಲೆ ಕೂತು, ಒಂದನ್ನೆತ್ತಿ ಮೂಸಿ, ಖುಷಿಯಿಂದ ನಕ್ಕಳು.

ಕಾವಲುಗಾರ ಇಲಿಮಾವನ ಕಿವಿಯ ಹತ್ತಿರ ಬಂದ. “ಹುಡುಗಿ ಸರಿಯಾಗಿದಾಳಾ?”

“ಓದ್ತಿದಾಳೆ” ಎಂದರು ಇಲಿಮಾವ.