ಹತ್ತನೆಯ ಹೆಸರು

ಬಲಗೈ ಹೆಬ್ಬೆರಳಿನ ಉಗುರುಸಂದಿಯ ಸೀಮೆಸುಣ್ಣ ಏನು ಮಾಡಿದರೂ ಹೋಗುತ್ತಿರಲಿಲ್ಲ. ಗೌರಮ್ಮ ಒದ್ದೆಬಟ್ಟೆಯ ತುದಿಯನ್ನು ಕಡ್ಡಿಯ ಹಾಗೆ ಹೊಸೆದು ತಿಕ್ಕಿದಳು, ಎಣ್ಣೆ ಸವರಿ ಮತ್ತೆ ತಿಕ್ಕಿದಳು.

"ಬಿಡು ಗೌರಿ," ಎಂದಳು ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ ನೆರೆಮನೆಯ ಶಾಂತಾ. "ಸುಡುವ ಕೈಗೆ ಎಂತ ಸಿಂಗಾರ?"

"ಇಷ್ಟು ವರ್ಷ ಬರೆದ ಕೈ. ಹಾಗೇ ಕಳಿಸ್ಲಿಕ್ಕಾಗುದಿಲ್ಲ."

ಇಂದುಮತಿಬಾಯಿ ಹಿಂದಿನ ಸಂಜೆ ಶಾಲೆಯಿಂದ ಬಂದು, ಚಪ್ಪಲಿ ಬಿಟ್ಟು, ನೀರಿನ ಮಡಕೆಯ ಪಕ್ಕ ಕೂತವರು ಮತ್ತೆ ಏಳಲಿಲ್ಲ. ಐವತ್ತೆರಡು ವರ್ಷ. ಊರು ಧಾರವಾಡ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ, ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ ಇಲ್ಲಿನ ಸರ್ಕಾರಿ ಶಾಲೆಯ ಕನ್ನಡ ವರ್ಗಕ್ಕೆ ನೌಕರಿಗೆ ಬಂದಿದ್ದರು. ಆಮೇಲೆ ದೊಡ್ಡವರು ಭೂಪಟದ ಮೇಲೆ ಗೆರೆ ಎಳೆದರು. ಧಾರವಾಡ ಒಂದು ಕಡೆ ಹೋಯಿತು, ಅಹಮದಾಬಾದ್ ಇನ್ನೊಂದು ಕಡೆ, ಬಾಯಿಯವರು ಕಾಲುಪುರದ ಈ ಇಕ್ಕಟ್ಟಿನ ಗಲ್ಲಿಯ ಒಂದು ಕೋಣೆಯಲ್ಲಿ ಉಳಿದರು. ಹೆತ್ತವಳೂ ಅಲ್ಲದ ಸಾಕಿದವಳೂ ಅಲ್ಲದ ಸರ್ಕಾರಕ್ಕೆ ಅವರು ಹದಿನೈದು ವರ್ಷದ ಮೇಲೂ ಹಂಗಾಮಿ ನೌಕರರೇ. ಪ್ರತಿ ಜೂನ್ ತಿಂಗಳಲ್ಲಿ ಕೆಲಸ ಉಳಿಯಿತೋ ಹೋಯಿತೋ ಎಂದು ಕಾಗದಕ್ಕೆ ಕಾಯಬೇಕು. ಸಂಬಳ ಬರುವ ಹೊತ್ತಿಗೆ ಅಂಗಡಿಯವನ ಮುಖ ಕೆಟ್ಟಿರುತ್ತಿತ್ತು. ಮಕ್ಕಳು ಅವರನ್ನು ಧಾರವಾಡದ ರೂಢಿಯಂತೆ ಅಕ್ಕೋರು ಎನ್ನುತ್ತಿದ್ದವು. ಕುಂದಾಪುರದ ಕಡೆಯ ಗೌರಮ್ಮನಿಗೂ ಅದೇ ಬಾಯಿಗೆ ಬಂದಿತ್ತು.

ಹೊರಗೆ ಸಂಕ್ರಾಂತಿಯ ಗಾಳಿಪಟಗಳು ಹರಿದು ತಂತಿಗಳಿಗೆ ಜೋತುಬಿದ್ದಿದ್ದವು. ಗಲ್ಲಿಯ ಕಟ್ಟೆಯ ಮೇಲೆ ಕನ್ನಡ ವರ್ಗದ ಒಂಬತ್ತು ಮಕ್ಕಳು ಸಾಲಾಗಿ ಕೂತಿದ್ದವು. ರೈಲ್ವೆಯ ಗುಮಾಸ್ತ ಹರಿಪ್ರಸಾದ, ಗುಜರಾತಿನ ಬೇರೆ ಸ್ಟೇಷನ್ನುಗಳಲ್ಲಿ ದುಡಿದು ಈ ಊರಿಗೆ ಬಂದು ಆರು ತಿಂಗಳಾಗಿರಲಿಲ್ಲ, ಆಗಲೇ ಹಿರಿಯನಂತೆ ಓಡಾಡಿ ಬಿದಿರು ತರಿಸಿದ್ದ. ಅವನ ಮಗಳು ಶಕುಂತಲೆಯೂ ಆ ಒಂಬತ್ತರಲ್ಲಿ ಒಬ್ಬಳು.

ಗಿರಣಿಯ ಭೋಂಗಾ ಕೂಗಿತು. ಹತ್ತೂವರೆ. ಗೌರಮ್ಮನ ಕಿವಿ ತಾನಾಗಿ ನೆಟ್ಟಗಾಯಿತು. ಮೂರು ವರ್ಷಗಳಿಂದ ಸುಮಾರು ಈ ಹೊತ್ತಿಗೆ ಅವಳ ಸತ್ತ ಮಗಳ ಹೆಸರನ್ನು ಒಬ್ಬರು ಕೂಗುತ್ತಿದ್ದರು. ಕೂಗುವ ಬಾಯಲ್ಲಿ ಈಗ ತುಳಸಿ ಇತ್ತು.

*

ಸರ್ಕಾರದ ನಿಯಮ ಸರಳವಾಗಿತ್ತು. ಬೇರೆ ಭಾಷೆಯ ಮಕ್ಕಳು ಹತ್ತು ಇದ್ದರೆ ಅವರಿಗೊಬ್ಬ ಟೀಚರು. ಒಂಬತ್ತಾದರೆ ಇಲ್ಲ. ಒಂಬತ್ತಾದರೆ ಮಕ್ಕಳು ಗುಜರಾತಿ ವರ್ಗದ ಹಿಂದಿನ ಸಾಲಿಗೆ, ಟೀಚರು ಮನೆಗೆ. ಆ ಹತ್ತರಲ್ಲಿ ಗೌರಮ್ಮನ ಮಗಳು ಲಕ್ಷ್ಮಿ ಒಬ್ಬಳು. ಆರು ವರ್ಷ, ಒಂದನೆಯ ತರಗತಿ.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ, ಲಕ್ಷ್ಮಿಗೆ ಜ್ವರ ಬಂದ ಎರಡನೆಯ ದಿನ, ಅಕ್ಕೋರು ಬೆಳಿಗ್ಗೆ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ.

"ಇವತ್ತ ತಲಿ ಎಣಿಸಾಕ ಸಾಹೇಬ್ರು ಬರ್ತಾರ, ಗೌರಮ್ಮ. ಒಂದ್ ತಾಸು ಕುಂಡ್ರಿಸಿ ನಾನ ಎತ್ತಿಕೊಂಡ ತಂದ ಬಿಡ್ತೀನಿ. ನೀವು ಬ್ಯಾಡ ಅಂದ್ರ ಬ್ಯಾಡ."

ಗೌರಮ್ಮ ಬೇಡ ಎನ್ನಲಿಲ್ಲ. ದೊಡ್ಡ ಮಗ ಗುಜರಾತಿ ವರ್ಗದ ಹಿಂದಿನ ಸಾಲಿನಲ್ಲಿ ಎರಡು ವರ್ಷ ಮೂಕನಂತೆ ಕೂತು, ಶಾಲೆ ಬಿಟ್ಟು, ಅಪ್ಪನ ಜೊತೆ ಹೋಟೆಲಿನ ಒಲೆ ಸೇರಿದ್ದನ್ನು ಅವಳು ನೋಡಿದ್ದಳು. ಒಂದು ಗಂಟೆ ತಾನೇ ಎಂದುಕೊಂಡಳು. ಬಿಸಿ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು, ಕೆಂಪು ಶಾಲು ಹೊದಿಸಿ ಕಳಿಸಿದಳು. ಜಡೆ ಹೆಣೆಯುವಾಗ ಮಗು ಎರಡು ಸಲ, "ಅಮ್ಮ, ಗಂಟಲು," ಎಂದಿತ್ತು.

ಹನ್ನೊಂದಕ್ಕೆ ಬರಬೇಕಾದ ಸಾಹೇಬರು ನಾಲ್ಕಕ್ಕೆ ಬಂದರು. ಲಕ್ಷ್ಮಿ ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದಳು. ಸಾಹೇಬರು ಪೆನ್ಸಿಲ್ಲಿನ ತುದಿಯಿಂದ ಗಾಳಿಯಲ್ಲಿ ಹತ್ತು ಚುಕ್ಕೆ ಇಟ್ಟು, ಬರೆದುಕೊಂಡು ಹೋದರು. ವರ್ಗ ಉಳಿಯಿತು. ನಾಲ್ಕನೆಯ ದಿನ ಗಂಟಲಮಾರಿಯಿಂದ ಮಗುವಿನ ಉಸಿರು ಕಟ್ಟಿತು. ಮೊದಲೇ ತಂದಿದ್ದರೆ ಎಂದರು ಡಾಕ್ಟರು, ಅಷ್ಟಕ್ಕೇ ನಿಲ್ಲಿಸಿದರು.

ಆಮೇಲೆ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಸುಖವಿತ್ತು. ಜಗಳಕ್ಕೆ ಒಬ್ಬರದಾದರೂ ಕೈ ಶುದ್ಧವಿರಬೇಕಲ್ಲ.

*

"ಸಾಹೇಬ್ರು ಬಂದ್ರು," ಎಂದು ಹರಿಪ್ರಸಾದ ಒಳಗೆ ಇಣುಕಿದ. "ಇನ್ನೊಂದು ಹತ್ತು ನಿಮಿಷ ಆಗುತ್ತೇನೋ. ಆಫೀಸಿನ ಕೆಲಸ ಏನೋ ಇದೆಯಂತೆ."

ಶಾಂತಾ ಮುಖ ಸಿಂಡರಿಸಿದಳು. "ಹೆಣದ ಮುಂದೆಯೂ ಆಫೀಸು."

ಬಂದವರು ಅವರೇ, ಅಂದು ಪೆನ್ಸಿಲ್ಲಿನಿಂದ ಎಣಿಸಿದ ಮೇಲ್ವಿಚಾರಕರು. ಆಮೇಲೆ ಎಣಿಕೆಗೆ ಬಾರದೆ ಪುಸ್ತಕವನ್ನಷ್ಟೇ ತರಿಸಿ ನೋಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಸೇವಂತಿಗೆಯ ಹಾರ, ಇನ್ನೊಂದರಲ್ಲಿ ಶಾಲೆಯ ಹಾಜರಿ ಪುಸ್ತಕ. ಹಾರವನ್ನು ಪಾದದ ಬಳಿ ಇಟ್ಟು, ಕಣ್ಣು ಮುಚ್ಚಿ ನಿಂತರು. ಆಮೇಲೆ ಗುಜರಾತಿಯಲ್ಲಿ ಮೆಲ್ಲಗೆ ಹೇಳಿದ್ದನ್ನು ಹರಿಪ್ರಸಾದ ಎಲ್ಲರಿಗೂ ಕನ್ನಡದಲ್ಲಿ ಹೇಳಿದ.

"ಟೀಚರು ಹೋದ್ರೆ ಅವರ ಜಾಗವೂ ಹೋಗುತ್ತಂತೆ. ಮರಣದ ವರದಿ ಜೊತೆಗೇ ಹತ್ತು ಮಕ್ಕಳಿದಾರೆ ಅಂತ ಇವತ್ತೇ ಬರೆದು ಕಳಿಸಿದ್ರೆ ಮಾತ್ರ ಇನ್ನೊಬ್ಬರನ್ನ ಹಾಕ್ತಾರಂತೆ. ಹೇಗೂ ಮಕ್ಕಳೆಲ್ಲ ಇಲ್ಲೇ ಸೇರಿವೆಯಲ್ಲ, ಒಂದು ಸಲ ಹೆಸರು ಕೂಗಿಬಿಡ್ತೀನಿ ಅಂತಾರೆ. ಒಳ್ಳೇ ಮನುಷ್ಯ, ಪಾಪ."

ಗೌರಮ್ಮನ ಕೈಯಿಂದ ಒದ್ದೆಬಟ್ಟೆ ಜಾರಿತು. ಕಟ್ಟೆಯ ಮೇಲಿನ ಒಂಬತ್ತು ಮಕ್ಕಳೂ ಒಮ್ಮೆಲೇ ಅವಳ ಕಡೆ ನೋಡಿ, ಒಮ್ಮೆಲೇ ತಲೆ ತಗ್ಗಿಸಿದವು.

*

ಅವಳಿಗೆ ಅದು ಗೊತ್ತಾದದ್ದು ಮಗಳನ್ನು ಮಣ್ಣುಮಾಡಿದ ಹದಿನೆಂಟನೆಯ ದಿನ. ಗಂಡ ನಾರಾಯಣ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅಡುಗೆಗಿದ್ದ. ಅದೇ ಹೋಟೆಲಿಗೆ ಹಿಟ್ಟು ರುಬ್ಬಿ ಕೊಟ್ಟು, ಖಾಲಿ ಪಾತ್ರೆ ಹೊತ್ತು ಶಾಲೆಯ ಹಿಂದಿನ ಓಣಿಯಲ್ಲಿ ಬರುತ್ತಿದ್ದಳು. ಮೇಲಿನ ಕಿಟಕಿಯಿಂದ ಅಕ್ಕೋರ ದನಿ ಕೇಳಿತು.

"ಲಕ್ಷ್ಮಿ."

ಒಂದು ಚಿಕ್ಕ ದನಿ ಹೇಳಿತು, "ಅದೀನ್ರಿ."

ಇದ್ದೇನೆ ಎನ್ನುವುದಕ್ಕೆ ಧಾರವಾಡದ ಮಾತು ಅದು. ಗೌರಮ್ಮ ತಟ್ಟನೆ ಕಿಟಕಿಯ ಕಡೆ ತಲೆಯೆತ್ತಿದಳು. ಹತ್ತು ತುಂಬಿಸಲು ಬೇರೆ ಮಗುವಿನಿಂದ ಓಗೊಡಿಸುತ್ತಿದ್ದಾರೆಂದು ಮರುಕ್ಷಣ ತಿಳಿದು, ಸಿಟ್ಟು ನೆತ್ತಿಗೇರಿತು. ನನ್ನ ಮಗುವನ್ನು ತಿಂದದ್ದು ಸಾಲದೆಂದು ಅವಳ ಹೆಸರನ್ನೂ ತಿನ್ನುತ್ತಿದ್ದಾಳೆ ಈ ಹೆಂಗಸು. ಪಾತ್ರೆ ಕೆಳಗಿಟ್ಟು ಮೆಟ್ಟಿಲು ಹತ್ತಿದಳು. ಆರು ಮೆಟ್ಟಿಲು ಹತ್ತಿದವಳು ಏಳನೆಯದಕ್ಕೆ ನಿಂತಳು. ಮೇಲೆ ಹೋಗಿ ಕೂಗಾಡಿದರೆ ಆ ಹೆಸರು ನಾಳೆಯಿಂದ ನಿಲ್ಲುತ್ತದೆ ಎಂದು ಹೊಳೆಯಿತು. ಮನೆಯಲ್ಲಿ ನಾರಾಯಣ ಮಗಳ ಹೆಸರೆತ್ತುವುದನ್ನು ಬಿಟ್ಟಿದ್ದ. ಗಲ್ಲಿಯವರು ಬಿಟ್ಟಿದ್ದರು. ಇಡೀ ಅಹಮದಾಬಾದಿನಲ್ಲಿ ಲಕ್ಷ್ಮಿಯನ್ನು ಕರೆಯುವ ಬಾಯಿ ಅದೊಂದೇ ಉಳಿದಿತ್ತು. ಅವಳು ಮೆಟ್ಟಿಲಿಳಿದಳು.

ಮರುದಿನವೂ ಬಂದಳು. ಅದರ ಮರುದಿನವೂ. ಮಕ್ಕಳು ಸರದಿಯ ಮೇಲೆ ಓಗೊಡುತ್ತವೆಂದು ವಾರದೊಳಗೆ ತಿಳಿಯಿತು, ಒಂದೊಂದು ದಿನ ಒಂದೊಂದು ಗಂಟಲು. ಬ್ಯಾಂಕಿನವರು, ರೈಲ್ವೆಯವರು ವರ್ಗವಾಗಿ ಹೋದರು, ಹೊಸಬರು ಬಂದರು, ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಹೊಸ ಮಗು ಬಂದರೆ ಮೊದಲು ಸರದಿ ಕಲಿಯುತ್ತಿತ್ತು, ಆಮೇಲೆ ಅ ಆ ಇ ಈ.

ಒಂದು ಸೋಜಿಗವಿತ್ತು. ಹೋಟೆಲಿನಿಂದ ಬರುವುದು ಎಷ್ಟು ತಡವಾದರೂ ಅವಳಿಗೆ ಆ ಹೆಸರು ತಪ್ಪುತ್ತಿರಲಿಲ್ಲ. ಚಳಿಗಾಲದಲ್ಲೂ ಆ ಕಿಟಕಿ ಮುಚ್ಚುತ್ತಿರಲಿಲ್ಲ. ಎಲ್ಲರ ಹೆಸರೂ ಮುಗಿದು, ಒಂದಿಷ್ಟು ಹೊತ್ತು ಸುಮ್ಮನಿದ್ದು, ಕಡೆಗೆ ಲಕ್ಷ್ಮಿ ಎಂದು ಕೇಳುತ್ತಿತ್ತು. ಮಗಳ ಹೆಸರು ಪುಸ್ತಕದಲ್ಲಿ ಕೊನೆಯದಿರಬೇಕು ಎಂದುಕೊಂಡಿದ್ದಳು ಗೌರಮ್ಮ. ಅವಳಿಗೆ ಓದಲು ಬರುತ್ತಿರಲಿಲ್ಲ.

*

ಸಾಹೇಬರು ಕಟ್ಟೆಯ ಮುಂದೆ ನಿಂತು ಪುಸ್ತಕ ಬಿಚ್ಚಿದರು. ಶಾಲೆಯಲ್ಲಿ ಹಂಚುವ ಹಾಲಿಗಾಗಿ ಪ್ರತಿ ಮಗುವಿನ ಎತ್ತರ ತೂಕ ಬರೆದಿಡಬೇಕಿತ್ತು. ಬರೆದ ಅಳತೆಗೆ ಮಗು ಹೊಂದುತ್ತದೋ ಇಲ್ಲವೋ ನೋಡಬೇಕೆಂಬುದೂ ನಿಯಮ. ಮೊದಲ ಹೆಸರು ಕೂಗಿದರು. ಒಬ್ಬ ಹುಡುಗ ಎದ್ದ. ಎರಡನೆಯದು ಕೂಗಿದರು, ಇನ್ನೊಬ್ಬ ಎದ್ದ.

"ಲಕ್ಷ್ಮಿ ನಾರಾಯಣ."

ಮೂರನೆಯದು. ಗೌರಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮೂರನೆಯದನ್ನು ಅಕ್ಕೋರು ಮೂರು ವರ್ಷ, ದಿನವೂ, ಕೊನೆಗೆ ತಳ್ಳಿ ಇಟ್ಟುಕೊಂಡು ಕಾದಿದ್ದರು. ಓಣಿಯಲ್ಲಿ ಖಾಲಿ ಪಾತ್ರೆಯ ಸದ್ದು ಕೇಳುವವರೆಗೆ ಕಾದಿದ್ದರು. ಒಂದು ದಿನವೂ ಕಿಟಕಿಯಿಂದ ಕೆಳಗೆ ನೋಡಲಿಲ್ಲ.

ಯಾರೂ ಓಗೊಡಲಿಲ್ಲ. ಸಾಹೇಬರು ಮುಂದೆ ಹೋಗಿ ಉಳಿದವರನ್ನೆಲ್ಲ ಮುಗಿಸಿ, ಮತ್ತೆ ಮೂರನೆಯದಕ್ಕೆ ಬಂದರು. ಅಳತೆಗಳನ್ನು ಓದುತ್ತ ಹೋದರು, ಹರಿಪ್ರಸಾದ ಕನ್ನಡದಲ್ಲಿ ಹೇಳುತ್ತ ಬಂದ.

"ಲಕ್ಷ್ಮಿ ನಾರಾಯಣ. ಒಂದನೇ ಕ್ಲಾಸಲ್ಲಿ ಮೂರಡಿ ಏಳಿಂಚು. ಎರಡನೇದರಲ್ಲಿ ಮೂರಡಿ ಒಂಬತ್ತು. ಮೂರನೇದರಲ್ಲಿ ನಾಲ್ಕಡಿ. ಆ ವರ್ಷ ಮಳೆಗಾಲದಲ್ಲಿ ಒಂದು ಪೌಂಡು ತೂಕ ಕಮ್ಮಿಯಾಗಿದೆ, ಕೆಮ್ಮು ಅಂತ ಬರೆದಿದಾರೆ. ಈಗ ನಾಲ್ಕನೇ ಕ್ಲಾಸು. ನಾಲ್ಕಡಿ ಎರಡಿಂಚು. ಎಲ್ಲಿದಾಳೆ ಈ ಹುಡುಗಿ?"

ಶಾಂತಾ ಗೌರಮ್ಮನ ತೋಳು ಹಿಡಿದಳು. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. "ಇದೆಂತ ಗೌರಿ? ನಿನ್ನ ಸತ್ತ ಮಗುವಿನ ಹೆಸರಲ್ಲಿ ಸಂಬಳ ತಗೊಂಡಳಾ ಇವಳು? ಹೇಳಿಬಿಡು. ಇಲ್ಲದಿದ್ರೆ ನಾನು ಹೇಳ್ತೇನೆ."

ಹೇಳಬಹುದಿತ್ತು. ಒಂದು ಮಾತಿಗೆ ಆ ಒಂಬತ್ತು ಮಕ್ಕಳು ನಾಳೆ ಹಿಂದಿನ ಸಾಲಿಗೆ ಹೋಗುತ್ತಿದ್ದವು, ಒಳಗೆ ಮಲಗಿದವರು ಕಳ್ಳಿಯಾಗಿ ಚಿತೆಗೆ ಹೋಗುತ್ತಿದ್ದರು, ಲಕ್ಷ್ಮಿ ಇನ್ನೊಮ್ಮೆ ಸಾಯುತ್ತಿದ್ದಳು. ಆದರೆ ಸುಳ್ಳು ಹೇಳಿ ಮಗಳನ್ನು ಮತ್ತೆ ಎಣಿಕೆಗೆ ಕಳಿಸುವುದು ಹೇಗೆ? ಒಮ್ಮೆ ಕಳಿಸಿ ಕಂಡಿದ್ದಾಳಲ್ಲ.

ಕಟ್ಟೆಯ ಮೇಲೆ ಶಕುಂತಲೆ ಬಾಯಿ ತೆರೆದು ಮುಚ್ಚಿದಳು. ಇವತ್ತಿನ ಸರದಿ ಅವಳದು. ಗೌರಮ್ಮನ ಎದುರು ಅವಳಿಗೆ ದನಿ ಹೊರಡಲಿಲ್ಲ.

ಗೌರಮ್ಮ ಶಾಂತಾಳ ಕೈ ಬಿಡಿಸಿಕೊಂಡು ಹೊಸ್ತಿಲು ದಾಟಿದಳು.

"ಅವಳಿಗೆ ಜ್ವರ," ಎಂದಳು. "ಇವತ್ತು ಕಳಿಸುದಿಲ್ಲ."

ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು.

"ತಾವ್ ಛೆ, ಸಾಹೇಬ್," ಎಂದು ಹರಿಪ್ರಸಾದ ಜ್ವರದ ಮಾತನ್ನು ಗುಜರಾತಿಗೆ ತಿರುಗಿಸಿದ.

ಸಾಹೇಬರ ಪೆನ್ಸಿಲ್ಲು ನಿಂತಿತು. ತಲೆಯೆತ್ತಿ ಗೌರಮ್ಮನನ್ನು ದಿಟ್ಟಿಸಿ ಏನೋ ಕೇಳಿದರು.

"ಕೆಂಪು ಶಾಲಿನ ಹುಡುಗಿ ಅಲ್ವಾ, ಗೋಡೆಗೊರಗಿ ಕೂತಿದ್ದಳಲ್ಲ, ಅಂತಾರೆ," ಎಂದ ಹರಿಪ್ರಸಾದ. "ಆವತ್ತೂ ಅವಳಿಗೆ ಜ್ವರ ಇದ್ದ ಹಾಗಿತ್ತಂತೆ. ನೆನಪಿದೆಯಂತೆ."

"ಹೌದು," ಎಂದಳು ಗೌರಮ್ಮ. "ಅದೇ ಜ್ವರ."

ಹರಿಪ್ರಸಾದ ಅದನ್ನೂ ಗುಜರಾತಿಯಲ್ಲಿ ಹೇಳಿದ. ಸಾಹೇಬರು ಮತ್ತೆ ಪುಸ್ತಕದ ಮೂರನೆಯ ಸಾಲಿಗೆ ಕಣ್ಣಿಳಿಸಿದರು. ಅವರಿಗೆ ತಿಳಿಯಿತೋ ಇಲ್ಲವೋ, ದೇವರೇ ಬಲ್ಲ. ಕಡೆಗೆ ಮಕ್ಕಳು ಹತ್ತು ಎಂದು ಬರೆದು, ಪುಸ್ತಕ ಮುಚ್ಚಿ, ಚಟ್ಟದ ಒಂದು ಕೊನೆಗೆ ತಾವೇ ಹೆಗಲು ಕೊಟ್ಟರು.

ಗಲ್ಲಿಯ ತಿರುವಿನಲ್ಲಿ ಅಕ್ಕೋರು ಕಣ್ಮರೆಯಾದರು. ಹೆಂಗಸರೂ ಮಕ್ಕಳೂ ಅಲ್ಲೇ ಉಳಿದರು. ಶಾಂತಾ ಅಂಗಳಕ್ಕೆ ನೀರು ಸುರಿಯತೊಡಗಿದಳು. ಶಕುಂತಲೆ ಬಂದು ಗೌರಮ್ಮನ ಮುಂದೆ ನಿಂತಳು. ಕ್ಷಮೆ ಕೇಳಬೇಕೆಂದಿದ್ದಳೋ ಏನೋ.

"ನಾಲ್ಕಡಿ ಎರಡಿಂಚು ಅಂದ್ರೆ ಎಷ್ಟಾಗ್ತದೆ, ಮಗಾ?" ಎಂದು ಕೇಳಿದಳು ಗೌರಮ್ಮ.

ಶಕುಂತಲೆ ಯೋಚಿಸಿದಳು. ಅಂಗೈ ಚಪ್ಪಟೆ ಮಾಡಿ, ತನ್ನ ನೆತ್ತಿಯ ಪಕ್ಕಕ್ಕೆ ತಂದು, ಅಲ್ಲಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಗಾಳಿಯಲ್ಲಿ ಹಿಡಿದಳು. "ಇಷ್ಟು."

ಗೌರಮ್ಮ ಆ ಕೈಯನ್ನು ನೋಡಿದಳು. ಅದರ ಕೆಳಗಿನ ಖಾಲಿ ಜಾಗವನ್ನು ನೋಡಿದಳು. ಹುಡುಗಿ ಕೈ ಇಳಿಸಲು ಹೋದಳು.

"ಇರ್ಲಿ," ಎಂದಳು ಗೌರಮ್ಮ. "ಸ್ವಲ್ಪ ಹೊತ್ತು ಹಾಗೇ ಹಿಡ್ಕೋ."