ನಿಮಿಷಕ್ಕೆ ಎಪ್ಪತ್ತು ಸುತ್ತು

ನರ್ಸಮ್ಮನ ಎಲೆಕ್ಟ್ರಿಕ್ ಸೈಕಲ್ಲು ಗುಡ್ಡದ ಅರ್ಧಕ್ಕೇ ಕೈಕೊಡತೊಡಗಿ ಹದಿನೈದು ದಿನವಾಗಿತ್ತು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಕೆಲಸ. ಹದಿನೈದು ದಿನದ ಹಿಂದೆ ಹೊಸದಾಗಿ ಸೇರಿದ, ದಿನದ ಕೊನೆಯ ಮನೆ ಗುಡ್ಡದ ತುದಿಯಲ್ಲಿ. ಕಾಲಿನ ಹುಣ್ಣು ಮಾಯದೆ ಕೂತಿದ್ದ ನಿವೃತ್ತ ಮೇಷ್ಟ್ರದು. ಬೆಳಿಗ್ಗೆ ಪೂರ್ತಿ ಚಾರ್ಜು ಮಾಡಿಕೊಂಡು ಹೊರಟರೂ ನೀರಿನ ಟ್ಯಾಂಕಿನ ತಿರುವಿಗೆ ಬರುವಷ್ಟರಲ್ಲಿ ಬ್ಯಾಟರಿ ಬರಿದು. ಅಲ್ಲಿಂದ ಮೇಲಕ್ಕೆ ಆ ಭಾರದ ಗಾಡಿಯನ್ನು ಏದುಸಿರು ಬಿಡುತ್ತಾ ತಳ್ಳಬೇಕು.

ಗಾಡಿ ಕೊಂಡ ಶೋರೂಮಿನವರು ಮೀಟರು ಹಚ್ಚಿ ನೋಡಿ, ಬ್ಯಾಟರಿ ಚೆನ್ನಾಗಿಯೇ ಇದೆಯೆಂದು ಕೈತೊಳೆದುಕೊಂಡರು. ಉಳಿದವಳು ಅಕ್ಕ. ಅಪ್ಪನ ಕಾಲದ ಸೈಕಲ್ ಶಾಪನ್ನು ಅವಳೇ ನಡೆಸುತ್ತಿದ್ದಳು. ಅವಳಿಗೊಂದು ಮಾತೂ ಹೇಳದೆ ಬೇರೆ ಕಡೆ ಗಾಡಿ ಕೊಂಡವಳು ಈಗ ಯಾವ ಮುಖ ಹೊತ್ತು ಹೋಗಬೇಕು? ಅಕ್ಕ ಜಗಳವೇನೂ ಆಡಿರಲಿಲ್ಲ. "ಬಣ್ಣ ಚೆನ್ನಾಗಿದೆ" ಎಂದು ಸುಮ್ಮನಾಗಿದ್ದಳು. ಹಾಗೆ ಸುಮ್ಮನಾದದ್ದೇ ತಂಗಿಗೆ ಎಂಟು ತಿಂಗಳಿಂದ ಚುಚ್ಚುತ್ತಿತ್ತು.

ಆ ಮಂಗಳವಾರ ತಳ್ಳಿಕೊಂಡು ಮೇಲೆ ತಲುಪುವಷ್ಟರಲ್ಲಿ ಒಂದು ಗಂಟೆ ತಡವಾಯಿತು. ಮೇಷ್ಟ್ರು ಕಾದೂ ಕಾದೂ, ತಾವೇ ಪಟ್ಟಿ ಬಿಚ್ಚಲು ಹೋಗಿ ಆಗಷ್ಟೇ ಕೂಡುತ್ತಿದ್ದ ಚರ್ಮವನ್ನೂ ಕಿತ್ತುಕೊಂಡಿದ್ದರು.

"ನಿಂಗೆ ಕಷ್ಟ ಆಗೋದಾದ್ರೆ ದಿನ ಬಿಟ್ಟು ದಿನ ಬಾಮ್ಮ" ಎಂದರು, ರಕ್ತ ಒರೆಸುತ್ತಿದ್ದ ಅವಳ ಕೈಯನ್ನೇ ನೋಡುತ್ತಾ. ಅವಳು ಹೊಸ ಪಟ್ಟಿ ಕಟ್ಟಿ ಹೊರಬಿದ್ದಳು. ಇಳಿಜಾರಿನಲ್ಲಿ ಗಾಡಿ ಉರುಳಿಸಿಕೊಂಡು ಬಂದವಳು ನೇರ ಅಕ್ಕನ ಅಂಗಡಿಯ ಮುಂದೆ ನಿಂತಳು.

ಅಕ್ಕ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಳು. ಗಾಡಿಯನ್ನು ಮುಟ್ಟಲೂ ಇಲ್ಲ. "ನಾಳೆ ನಿನ್ನ ಹಿಂದೇನೇ ಬರ್ತೀನಿ" ಎಂದಳು.

ಮರುದಿನ ಗುಡ್ಡದ ಬುಡದಿಂದ ಅಕ್ಕ ಅಂಗಡಿಯದೇ ಒಂದು ಎಲೆಕ್ಟ್ರಿಕ್ ಸೈಕಲ್ಲೇರಿ, ಗಡಿಯಾರ ನೋಡುತ್ತಾ, ತಂಗಿಯ ಪೆಡಲ್ಲಿನ ಸುತ್ತು ಎಣಿಸುತ್ತಾ ಹಿಂಬಾಲಿಸಿದಳು. ಗುಡ್ಡದ ಕಾಲು ಭಾಗವೂ ಹತ್ತಿರಲಿಲ್ಲ, ಕೂಗಿದಳು.

"ನಿಲ್ಸೇ! ನಿಮಿಷಕ್ಕೆ ಮೂವತ್ತೆಂಟು ಸುತ್ತು. ಯಾರದಾದ್ರೂ ನಾಡಿ ಹೀಗೆ ಹೊಡ್ಕೊಂಡ್ರೆ ಏನ್ ಮಾಡ್ತೀಯ?"

"ಆಸ್ಪತ್ರೆಗೆ ಕಳಿಸ್ತೀನಿ."

"ಮತ್ತೆ? ಭಾರದ ಗೇರಿಗೆ ಹಾಕ್ಕೊಂಡು ಮುಕ್ಕರಿದು ತುಳೀತಿದೀಯಲ್ಲ. ಈ ಮೋಟರು ಪೆಡಲ್ಲಿನ ಜೊತೆಗೇ ತಿರುಗೋದು. ನೀನು ನಿಧಾನ ಆದ್ರೆ ಅದೂ ಒದ್ದಾಡತ್ತೆ. ಕುಡಿದ ಕರೆಂಟಲ್ಲಿ ಎಷ್ಟೋ ಬರೀ ಬಿಸಿಯಾಗಿ ಹೋಗತ್ತೆ. ಮುಟ್ಟಿ ನೋಡು."

ಪೆಡಲ್ ಬುಡದ ಮೋಟರಿನ ಮೇಲೆ ಕೈಯಿಟ್ಟವಳು ತಟ್ಟನೆ ಹಿಂತೆಗೆದಳು.

"ಹಗುರದ ಗೇರು ಕೈಲಾಗದವರಿಗೆ ಅಂದ್ಕೊಂಡಿದ್ದೆ ಕಣೇ."

"ಅಂದ್ಕೊಂಡಿರ್ತೀಯ. ಕೇಳಿದ್ರೆ ತಾನೆ? ಗೇರು ಇಳಿಸು. ಎಪ್ಪತ್ತಕ್ಕೆ ಕಮ್ಮಿ ಆಗಬಾರದು."

ಕಾಲುಗಳು ಗಿರಗಿರನೆ ತಿರುಗತೊಡಗಿದಾಗ ನರ್ಸಮ್ಮನಿಗೆ ನಗು ಬಂತು. ಮೂರು ಗಾಲಿಯ ಸೈಕಲ್ ತುಳಿಯುವ ಮಗುವಿನಂತೆ ಕಾಣುತ್ತಿರಬೇಕು ತಾನು! ಆದರೆ ಮಂಡಿಯ ನೋವಿಲ್ಲ, ಮೋಟರಿನ ನರಳಾಟವೂ ಇಲ್ಲ. ನೀರಿನ ಟ್ಯಾಂಕು ಪಕ್ಕದಲ್ಲಿ ಹಾದುಹೋದದ್ದು ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರ ಮನೆ ಮುಂದೆ ಇಳಿದಾಗ ಬ್ಯಾಟರಿಯ ಐದು ಗೆರೆಗಳಲ್ಲಿ ಇನ್ನೂ ಎರಡು ಉಳಿದಿದ್ದವು.

ಮೇಷ್ಟ್ರು ಅಕ್ಕನನ್ನೂ ಒಳಗೆ ಕರೆದರು. ಪಟ್ಟಿ ಬಿಚ್ಚಿದ್ದೇ ತಡ, ಎಂಥ ತುಕ್ಕು ಹಿಡಿದ ನಟ್ಟಿಗೂ ಹೆದರದ ಅಕ್ಕ ಬಿಳಿಚಿಕೊಂಡು ಗೋಡೆ ಹಿಡಿದಳು.

"ಕೂತ್ಕೋ, ತಲೆ ಬಗ್ಗಿಸು" ಎಂದಳು ತಂಗಿ, ಕೈಯ ಕೆಲಸ ಬಿಡದೆ. "ಉಸಿರಾಡೇ, ನಿಧಾನಕ್ಕೆ."

"ಬೇಗ ಮುಗಿಸೇ ಮಾರಾಯ್ತಿ" ಎಂದು ಅಕ್ಕ ಮಂಡಿಯ ನಡುವಿನಿಂದಲೇ ಗೊಣಗಿದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಳಿಯುವಾಗ ನರ್ಸಮ್ಮ, "ನಿನ್ನ ಕೇಳದೇ ತಗೊಂಡಿದ್ದು ತಪ್ಪಾಯ್ತಕ್ಕ" ಎಂದಳು.

"ಬೇಜಾರಾಗಿದ್ದು ನಿಜ" ಎಂದಳು ಅಕ್ಕ. ಟ್ಯಾಂಕಿನ ತಿರುವಿನಲ್ಲಿ ಬ್ರೇಕು ಹಿಡಿಯುತ್ತಾ, "ಭಾನುವಾರ ಊಟಕ್ಕೆ ಬಾ."

ಏಳು ವಾರಕ್ಕೆ ಹುಣ್ಣು ಮಾಯಿತು. ಅಷ್ಟೂ ದಿನ ನರ್ಸಮ್ಮ ಒಮ್ಮೆಯೂ ಗಾಡಿ ತಳ್ಳಲಿಲ್ಲ.